ಕಡಲಿಗೆ ಬೆನ್ನು ಹಾಕಿದ ಮನೆ

ವೇಲ್ಸಿನ ಪೋರ್ತ್ ಎಲಿಸ್ ಊರಿನ ದೋಣಿಮನೆ ಕಡಲಿಗೆ ಬೆನ್ನು ಹಾಕಿ ನಿಂತಿದೆ. ಕಟ್ಟಿದ್ದು ಮುಳುಗುವವರನ್ನು ಎತ್ತಿ ತರಲಿಕ್ಕೆ, ಒಳಗಿರುವುದು ರಕ್ಷಣಾ ದೋಣಿ, ಹಿಂದಿನ ಗೋಡೆ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ನೀರು. ಬಾಗಿಲು ಮಾತ್ರ ರಸ್ತೆಗೆ. ರಸ್ತೆಯಾಚೆ ಚರ್ಚು. ಕಡಲಿಂದ ಕರೆ ಬಂತೆಂದರೆ ದೋಣಿ ಮೊದಲು ಚರ್ಚಿನ ಮೆಟ್ಟಿಲ ತನಕ ಹೋಗಬೇಕು, ದೇವರಿಗೆ ಮುಖ ತೋರಿಸಿ ಬರುವವರ ಹಾಗೆ. ಅಲ್ಲಿ ಕಾಂಪೌಂಡಿಗೆ ತಾಗದಂತೆ ಮೊಣಕೈ ತಿರುವಿನಲ್ಲಿ ತಿರುಗಿ, ತನ್ನ ಮನೆಯನ್ನೇ ಸುತ್ತು ಹಾಕಿ, ಇಳಿಜಾರು ಓಣಿಯಲ್ಲಿ ಇಳಿದು, ಹೊರಟ ಜಾಗದ ಬೆನ್ನಿಗೇ ಬಂದು ನೀರು ಮುಟ್ಟಬೇಕು. ಅಷ್ಟರಲ್ಲಿ ಮುಳುಗುವವನು ಎರಡು ಸಲ ಮುಳುಗಿ ಎದ್ದಿರುತ್ತಾನೆ.

ದೋಣಿ ಹೊತ್ತ ಗಾಲಿಬಂಡಿಗೆ ಟ್ರ್ಯಾಕ್ಟರು ಕಟ್ಟಿ ಈ ಸುತ್ತು ಹಾಕಿಸುವ ಕೆಲಸ ಮೆರೆರಿದಳದು. ಐವತ್ತು ದಾಟಿದ ಹೆಂಗಸು. ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಸೊಂಟಕ್ಕೆ ಸಿಕ್ಕಿಸಿಕೊಂಡ ಪೇಜರು ಕಿರುಚಿದ ಕೂಡಲೇ ಮಕ್ಕಳ ಸಾರನ್ನು ಒಲೆಯ ಮೇಲೇ ಬಿಟ್ಟು ಓಡಿ ಬರುತ್ತಾಳೆ. ದೋಣಿಯ ಮೇಲೆ ಹೋಗುವವರಿಗೆ ಪದಕ, ಫೋಟೋ, ಹೆಂಡದಂಗಡಿಯಲ್ಲಿ ಬಿಟ್ಟಿ ಬಿಯರು. ದೋಣಿಯನ್ನು ನೀರಿನ ತನಕ ಮುಟ್ಟಿಸುವವಳಿಗೆ ಕುತ್ತಿಗೆ ನೋವು. ಅದಕ್ಕವಳು ಎಂದೂ ಬೇಸರ ಮಾಡಿಕೊಂಡವಳಲ್ಲ. ಅವಳ ಸಿಟ್ಟೆಲ್ಲ ಆ ಕಟ್ಟಡದ ಮೇಲೆ.

ಕಟ್ಟಿದವರು ದಡ್ಡರಾಗಿದ್ದರೆ ಒಂದಿಷ್ಟು ಬೈದು ಸುಮ್ಮನಾಗಬಹುದಿತ್ತು. ಅವರು ದಡ್ಡರಲ್ಲ. ಆ ಕಾಲದಲ್ಲಿ ಊರಿಗೆ ಎರಡು ಕಡಲದಂಡೆ ಇದ್ದವು, ಒಂದು ಮನೆಯ ಬೆನ್ನಿಗೆ, ಇನ್ನೊಂದು ರಸ್ತೆಯ ಆ ತುದಿಗೆ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ನೋಡಿ, ಹೊಲದಿಂದ ಕುದುರೆಗಳನ್ನು ಬಿಡಿಸಿ ತಂದು, ದೋಣಿಯನ್ನು ಅನುಕೂಲದ ದಂಡೆಗೆ ಎಳೆದೊಯ್ಯುತ್ತಿದ್ದರು. ಕುದುರೆ ಬರುವುದು ರಸ್ತೆಯಿಂದ, ಆದ್ದರಿಂದ ಬಾಗಿಲು ರಸ್ತೆಗೆ. ಸರಿಯೇ. ಆಮೇಲೆ ಬೆಟ್ಟದ ಕಲ್ಲುಗಣಿಯವರು ಒಡೆದ ಕಲ್ಲಿನ ಕಸವನ್ನೆಲ್ಲ ತಂದು ಸುರಿದೂ ಸುರಿದೂ ಆಚೆಯ ದಂಡೆ ಹೂತೇಹೋಯಿತು. ಕುದುರೆಗಳು ಸತ್ತವು, ಅವುಗಳ ಮರಿಮಕ್ಕಳೂ ಸತ್ತವು. ಬಾಗಿಲು ಇದ್ದಲ್ಲೇ ಇತ್ತು.

ಆಮೇಲೆ ಈ ಊರಿನವರು ಮಾಡಿದ್ದನ್ನು ಕೇಳಿದರೆ ತಲೆ ಚಚ್ಚಿಕೊಳ್ಳಬೇಕು. ಹುಟ್ಟು ಹಾಕುವ ದೋಣಿ ಹೋಗಿ ಎಂಜಿನ್ನಿನ ದೋಣಿ ಬಂತು. ಅದು ಎತ್ತರ. ಬಾಗಿಲು ಎತ್ತರಿಸಿದರೇ? ಇಲ್ಲ, ನೆಲ ಅಗೆದರು. ಅಂದಿನಿಂದ ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ಚರಂಡಿಯಿಂದ ಸಮುದ್ರವೇ ಒಳಗೆ ಬರುತ್ತದೆ. ಮುಂದಿನ ದೋಣಿ ಉದ್ದ. ಹಿಂದಿನ ಗೋಡೆಯಲ್ಲಿ ಅದರ ಬಾಲ ತೂರುವಷ್ಟು ಗೂಡು ಕೊರೆದರು. ಅದರ ಮುಂದಿನದಕ್ಕೆ ಚಾವಣಿಯ ತೊಲೆಯ ಅರ್ಧ ಕೆತ್ತಿ ತೆಗೆದರು. ಉಳಿದರ್ಧ ಬಾಗಿ ಎಷ್ಟು ತಗ್ಗಿಗೆ ಬಂದಿದೆಯೆಂದರೆ, ದೋಣಿ ಹತ್ತುವವರೆಲ್ಲರ ಹಣೆಯಲ್ಲೂ ಒಂದೇ ಜಾಗದಲ್ಲಿ ಒಂದೇ ಅಳತೆಯ ಗಾಯದ ಗುರುತಿದೆ. ದೋಣಿಗೂ ಪಕ್ಕದ ಗೋಡೆಗೂ ನಡುವೆ ಇರುವ ಸಂದಿಯಲ್ಲಿ ಹೊಟ್ಟೆಯಿದ್ದವರು ಹೋಗಲಾರರು. ಇಡೀ ದೇಶದಲ್ಲಿ ಧೈರ್ಯ ನೋಡಿ ದೋಣಿಗೆ ಆಳು ಆರಿಸಿದರೆ, ಇಲ್ಲಿ ಹೊಟ್ಟೆ ನೋಡಿ ಆರಿಸುತ್ತಾರೆ. ಕಕ್ಕಸು ಇಲ್ಲ, ಚರ್ಚಿನದೇ ಗತಿ. ಬಟ್ಟೆ ಒಣಗಿಸುವ ಕೋಣೆ ಇಲ್ಲ. ಒದ್ದೆ ಅಂಗಿಗಳು ಚರ್ಚಿನ ಕಬ್ಬಿಣದ ಬೇಲಿಯ ಮೇಲೆ ಕೈ ಚಾಚಿಕೊಂಡು ನೇತಾಡುತ್ತವೆ, ಮದುವೆಯ ದಿನವೂ.

ಈಗ ಹೊಸ ದೋಣಿ ಕೊಡುತ್ತೇವೆ ಎನ್ನುತ್ತಿದ್ದಾರೆ ರಕ್ಷಣಾ ದೋಣಿ ಸಂಸ್ಥೆಯ ಮೇಲಿನವರು. ವೇಗದ್ದು, ಗಟ್ಟಿಯದು, ಹಳೆಯದಕ್ಕಿಂತ ಎರಡು ಗೇಣು ಅಗಲ. ಎಲ್ಲಿ ಕೆತ್ತಿದರೂ ಅದು ಈ ಮನೆಗೆ ಹಿಡಿಸುವುದಿಲ್ಲ. ಹಿಂದಿನ ಗೋಡೆ ಒಡೆಯಿರಿ, ಕಡಲಿಗೆ ದೊಡ್ಡ ಬಾಗಿಲು ಇಡಿ, ಜಾರುಹಾಸು ಹಾಕಿಕೊಡುತ್ತೇವೆ, ಗುಂಡಿ ಒತ್ತಿದರೆ ದೋಣಿ ತಾನೇ ಜಾರಿ ನೀರಿಗೆ ಬೀಳುತ್ತದೆ ಎಂದರು. ಒಡೆಯುವುದಿಲ್ಲವಾದರೆ ಹಳೆಯದನ್ನೂ ಎತ್ತಿಕೊಂಡು ಹೋಗುತ್ತೇವೆ, ಈ ತೀರಕ್ಕೆ ಕೊಲ್ಲಿಯಾಚೆಯ ಬಂದರಿನ ದೋಣಿಯೇ ಸಾಕು ಎಂದೂ ಹೇಳಿದರು. ಕೊಲ್ಲಿಯಾಚೆಯ ಬಂದರಿನಿಂದ ದೋಣಿ ಬರುವಷ್ಟರಲ್ಲಿ ಸಿಗುವುದು ಬರೀ ಹೆಣ. ಉತ್ತರ ಕೇಳಲು ಅಧಿಕಾರಿ ಸೋಮವಾರ ಬರುವವರಿದ್ದರು.

ಆದರೆ ದೋಣಿಮನೆ ಮೇಲಿನವರದಲ್ಲ, ಊರಿನದು. ಪುಕ್ಕಟೆಯಾಗಿ ಕಲ್ಲು ಹೊತ್ತು ಕಟ್ಟಿದ ಗಣಿಯ ಆಳುಗಳು ಆಗಲೇ ಒಂದು ಕಟ್ಟುಪಾಡು ಮಾಡಿಟ್ಟು ಸತ್ತಿದ್ದಾರೆ: ಮೂರು ಮನೆತನದ ಹಿರಿಯರು ಹೂಂ ಎನ್ನದೆ ಈ ಮನೆಯ ಒಂದು ಕಲ್ಲೂ ಅಲುಗಬಾರದು. ಒಂದು ಮನೆತನಕ್ಕೆ ಹಿರಿಯಳು ಚಹಾದಂಗಡಿಯ ನೆಸ್ತಾ. ಅವಳು ಹೂಂ ಎಂದಿದ್ದಳು. ಇನ್ನೊಂದಕ್ಕೆ ದೋಣಿಯ ನಾಯಕ ಇದ್ವಲ್. ಅವನೂ ಹೂಂ ಎಂದಿದ್ದ. ಮೂರನೆಯವನು ಗುರ್ಗನ್, ಎಂಬತ್ತಾರರ ಮುದುಕ, ಇದ್ವಲನಿಗಿಂತ ಮೊದಲು ಬಹಳ ಕಾಲ ನಾಯಕನಾಗಿದ್ದವನು. ಮೆರೆರಿದಳ ಅಪ್ಪ.

ಎರಡು ವರ್ಷದಿಂದ ಅವಳು ಅವನನ್ನು ಕೇಳುತ್ತಲೇ ಇದ್ದಳು. ಅಂಗಲಾಚಿದಳು, ಜಗಳಾಡಿದಳು, ಒಂದು ವಾರ ಅವನ ಮನೆಗೆ ರೊಟ್ಟಿ ಕಳಿಸದೆ ಇದ್ದಳು. ಮುದುಕ ಜಪ್ಪಯ್ಯ ಎನ್ನಲಿಲ್ಲ.

ಶನಿವಾರ ಬೆಳಿಗ್ಗೆಯೂ ಅದೇ ಆಯಿತು. ಅಂದು ಸೈರಿಯೋಲನ ಮಣ್ಣು. ದೋಣಿಯ ಎಂಜಿನ್ನನ್ನು ಮಗುವಿನಂತೆ ನೋಡಿಕೊಂಡವನು, ಗುರ್ಗನ್‌ನ ಜೀವದ ಗೆಳೆಯ. ಅಪ್ಪನಿಗೆ ಕಪ್ಪು ಟೈ ಕಟ್ಟಲು ಬಂದ ಮೆರೆರಿದ್ ಬಾಯಿಗೆ ಬೀಗ ಹಾಕಿಕೊಂಡೇ ಬಂದಿದ್ದಳು. ಅದು ಗಂಟು ಹಾಕುವ ತನಕ ಇತ್ತು.

"ಅಪ್ಪಾ, ಸೋಮವಾರ ಅವ್ರು ಬರ್ತಾರೆ."

"ಬರ್ಲಿ. ಚಹಾ ಕೊಡು."

"ದೋಣಿ ತಗೊಂಡು ಹೋಗ್ತಾರೆ ಕಣಪ್ಪಾ! ತಮಾಷೆ ಅಂದ್ಕೊಂಡಿದೀಯಾ?"

"ನನ್ನಜ್ಜನ ಕಾಲದಿಂದ ಹೆದರಿಸ್ತಾನೇ ಇದಾರೆ. ತಗೊಂಡು ಹೋದ್ರಾ?"

"ಆ ಗೋಡೇಲಿ ಅಂಥದ್ದೇನಿದೆ ಅಂತ ಹೇಳು, ಸಾಕು. ಹಲಗೆ ಮೇಲೆ ಬರೆದಿರೋ ಹಳೇ ದೋಣಿಯವ್ರ ಹೆಸರುಗಳಾ? ಎದುರಿನ ಗೋಡೆಗೆ ಹಾಕಿಸ್ತೀನಿ. ದೀಪ ಬೇಕಾದ್ರೂ ಹಚ್ತೀನಿ."

"ಹಲಗೆ ಯಾರಿಗೆ ಬೇಕೇ?" ಮುದುಕ ಕನ್ನಡಿಯಲ್ಲಿ ಅವಳನ್ನು ನೋಡಿದ. "ಆ ಮೊಣಕೈ ತಿರುವು ಇದೆಯಲ್ಲ, ಅಲ್ಲಿ ದೋಣಿ ತಿರುಗಿಸೋಕೆ ಇಡೀ ಊರು ಬೇಕಾಗ್ತಿತ್ತು. ಕರೆಯೋ ರಾಕೆಟ್ಟು ಆಕಾಶಕ್ಕೆ ಹಾರಿದ್ರೆ ಸಾಕು, ಬೇಕರಿಯವನು ಕೈಲಿ ಹಿಟ್ಟು ಮೆತ್ಕೊಂಡು ಬರೋನು. ನಿಮ್ಮಮ್ಮ ನಿನ್ನನ್ನ ಬಗಲಲ್ಲಿಟ್ಕೊಂಡು ಹಗ್ಗ ಹಿಡಿದಿದಾಳೆ. ಮಾತು ಬಿಟ್ಟ ಅಣ್ಣ ತಮ್ಮ ಒಂದೇ ಹಗ್ಗ ಎಳೆದಿದಾರೆ. ನೀನು ಗುಂಡಿ ಒತ್ತಿದ್ರೆ ಜಾರೋ ದೋಣಿ ತರ್ತೀಯ. ಆಮೇಲೆ ಈ ಊರಲ್ಲಿ ಯಾರಿಗೆ ಯಾರು ಬೇಕೇ?"

"ಯಾವ ಊರಪ್ಪಾ? ಅರ್ಧ ಮನೆ ಬೇಸಿಗೆಗೆ ಬಂದು ಹೋಗೋವ್ರದ್ದು. ಬೀಗ ಹಾಕಿದ ಬಾಗಿಲು ಬಂದು ಹಗ್ಗ ಎಳೀತಾವಾ? ಏಳು ಜನ ಇದೀವಿ ನಾವು. ಏಳು!"

"ಟ್ರ್ಯಾಕ್ಟರ್ ಇದೆಯಲ್ಲ."

ಟೈ ಗಂಟನ್ನು ಇನ್ನೊಂಚೂರು ಬಿಗಿ ಎಳೆದರೆ ಎಷ್ಟು ಚೆನ್ನ ಎಂದು ಅವಳಿಗೆ ನಿಜವಾಗಿ ಅನ್ನಿಸಿತು.

ದೋಣಿಯವನು ಸತ್ತರೆ ಆ ಊರಿನಲ್ಲೊಂದು ಪದ್ಧತಿಯಿದೆ. ಶವಪೆಟ್ಟಿಗೆಯನ್ನು ಮೊದಲು ದೋಣಿಮನೆಯ ಬಾಗಿಲಲ್ಲಿ, ದೋಣಿಯ ಮೂತಿಯ ಕೆಳಗೆ ಒಂದು ಗಳಿಗೆ ಇಟ್ಟು, ಆಮೇಲೆ ಚರ್ಚಿಗೆ ಹೊರುತ್ತಾರೆ. ಹೊರುವವರು ದೋಣಿಯವರೇ. ಖಾಲಿಯಾದ ಶವದ ಗಾಡಿ ಮೊಣಕೈ ತಿರುವಿನಲ್ಲಿ ಕಾಯುತ್ತದೆ. ಹಿಂದೆ ಅದು ಕುದುರೆಗಾಡಿ, ಬದಿಗೆ ಸರಿಸಿದರೆ ಸರಿಯುತ್ತಿತ್ತು. ಈಗ ಅದು ಉದ್ದನೆಯ ಕರೀ ಕಾರು. ಡ್ರೈವರಿಗೆ ಮೆರೆರಿದ್, "ಇಲ್ಲಿ ಬೇಡಪ್ಪ, ಆ ಶಾಲೆ ಅಂಗಳದಲ್ಲಿ ನಿಲ್ಲಿಸು," ಎಂದು ಎರಡೆರಡು ಸಲ ಹೇಳಿದಳು. ಅವಳು ಬೆನ್ನು ತಿರುಗಿಸಿದ ಕೂಡಲೇ ಗುರ್ಗನ್ ಕೋಲು ಚಾಚಿ, "ದೋಣಿಯವನ ಗಾಡಿ ಯಾವಾಗಲೂ ನಿಲ್ಲೋದು ಇಲ್ಲೇ," ಎಂದು ತಿರುವಿನಲ್ಲೇ ನಿಲ್ಲಿಸಿದ. ಅದರ ಹಿಂದೆ ಮುಂದೆ ಲಿವರ್‌ಪೂಲು, ಕಾರ್ಡಿಫ್ಫುಗಳಿಂದ ಬಂದ ಮಕ್ಕಳು ಮೊಮ್ಮಕ್ಕಳ ಕಾರುಗಳು ಮೂತಿಗೆ ಬಾಲ ತಾಗಿಸಿಕೊಂಡು ನಿಂತವು. ಇನ್ನೂರು ಜನ ಇದ್ದರೇನೋ. ಚರ್ಚು ತುಂಬಿ ಮೆಟ್ಟಿಲ ಮೇಲೂ ನಿಂತಿದ್ದರು.

ಎರಡನೆಯ ಹಾಡಿನ ನಡುವೆ ಪೇಜರುಗಳು ಒಟ್ಟಿಗೆ ಕಿರುಚಿದವು. ಗಾಳಿ ತುಂಬಿದ ರಬ್ಬರು ಹಂಸ, ಅದರ ಮೇಲೆ ಒಬ್ಬ ಅಪ್ಪ, ಒಬ್ಬಳು ಸಣ್ಣ ಮಗಳು, ನೆಲದ ಕಡೆಯಿಂದ ಬೀಸುವ ಗಾಳಿಗೆ ಸಿಕ್ಕಿ ಕೊಲ್ಲಿಯ ಬಾಯಿ ದಾಟಿದ್ದಾರೆ. ಹಂಸವಂತೆ! ವರ್ಷವರ್ಷ ಯಾರೋ ಒಬ್ಬರು ಯಾವುದೋ ಒಂದು ಹಕ್ಕಿಯ ಮೇಲೆ ಕೂತು ಹೊರಡುತ್ತಾರೆ.

ಶವ ಹೊರಬೇಕಾದವರು ಎದ್ದು ಓಡಿದರು. ಉಳಿದವರು ಏಳಲಿಲ್ಲ. ವೇಲ್ಸಿನವರು ಚರಣವನ್ನು ಅರ್ಧಕ್ಕೆ ಬಿಡುವವರಲ್ಲ, ಅದರಲ್ಲೂ ಗಂಡಸರ ಕೆಳದನಿ ಆಗಷ್ಟೇ ಏರುತ್ತಿತ್ತು. ಹೊರಗೆ ಮೆರೆರಿದ್ ಟ್ರ್ಯಾಕ್ಟರು ಚಾಲೂ ಮಾಡಿ ದೋಣಿಯನ್ನು ರಸ್ತೆಗೆ ಎಳೆದು ತಿರುವು ನೋಡಿದಳು. ಟ್ರ್ಯಾಕ್ಟರು, ಅದರ ಹಿಂದೆ ಬಂಡಿ, ಮೇಲೆ ದೋಣಿ, ಎದುರಿಗೆ ಅಡ್ಡಡ್ಡಲಾಗಿ ಶವದ ಗಾಡಿ. ಡ್ರೈವರು ಚರ್ಚಿನೊಳಗೆ ತನ್ಮಯನಾಗಿ ಹಾಡುತ್ತಿದ್ದ. ಅವನು ಬಂದರೂ ಸರಿಸಲು ಜಾಗವಿರಲಿಲ್ಲ.

ಅವಳು ಚರ್ಚಿನ ಬಾಗಿಲು ದೂಡಿಕೊಂಡು ಒಳನುಗ್ಗಿ ಅಡುಗೆಮನೆಯ ದನಿಯಲ್ಲಿ ಕೂಗಿದಳು. "ಹಾಡಿದ್ದು ಸಾಕು! ಒಂದು ಮಗು ನೀರಲ್ಲಿದೆ! ಬನ್ನಿ ಹೊರಗೆ!"

ಚರಣ ಮುಗಿಸಿಯೇ ಬಂದರು. ಆದರೆ ಬಂದದ್ದು ಮಾತ್ರ ಇಡೀ ಚರ್ಚು. ಸೈರಿಯೋಲನೊಬ್ಬ ಒಳಗೆ ಉಳಿದ.

ಟ್ರ್ಯಾಕ್ಟರನ್ನು ಬಿಚ್ಚಿ ಬದಿಗೆ ದೂಡಿದರು. ಸಣ್ಣ ಕಾರುಗಳನ್ನು ಆರಾರು ಜನ ಸೇರಿ ಕುಣಿಸಿ ಕುಣಿಸಿ ಗೋಡೆಗೆ ಒತ್ತಿದರು. ಬಂಡಿಗೆ ಹಗ್ಗ ಬಿದ್ದವು. ಗುರ್ಗನ್ ಯಾವ ಮಾಯದಲ್ಲೋ ಚರ್ಚಿನ ಮೆಟ್ಟಿಲ ಮೇಲೆ ನಿಂತಿದ್ದ. ಕೋಲು ಮೇಲೆತ್ತಿ, ಮೂವತ್ತು ವರ್ಷದ ಹಿಂದೆ ಕಳೆದುಹೋಗಿದ್ದ ದನಿ ತೆಗೆದ.

"ಎಡದವ್ರು ಹಿಡ್ಕೊಳ್ಳಿ! ಬಲದವ್ರು, ಐಸಾ! ಏ ಲಿವರ್‌ಪೂಲ್, ಫೋನ್ ಜೇಬಲ್ಲಿಡೋ! ಇನ್ನೊಂದ್ಸಲ, ಐಸಾ!"

ಟ್ರ್ಯಾಕ್ಟರಿಲ್ಲದ ಬಂಡಿ ಗಿಡ್ಡ. ಶವದ ಗಾಡಿಗೂ ಕಾಂಪೌಂಡಿಗೂ ನಡುವಿನ ಜಾಗದಲ್ಲಿ ಅದು ಹೆಣ್ಣುಮಗಳು ಲಂಗ ತಿರುಗಿಸಿದಷ್ಟು ಸಲೀಸಾಗಿ ತಿರುಗಿತು. ಓಣಿಯಲ್ಲಿ ಹಿಂದಿನಿಂದ ಜಗ್ಗಿ ತಡೆಯುತ್ತ ಇಳಿಸಿದರು. ಉಬ್ಬರ ಮೇಲಿತ್ತು. ಕಪ್ಪು ಸೂಟು, ಕಪ್ಪು ನಿಲುವಂಗಿ, ಒಳ್ಳೊಳ್ಳೆಯ ಬೂಟುಗಳ ಸಮೇತ ಎದೆಮಟ್ಟದ ನೀರಿಗೆ ನುಗ್ಗಿ ಹಗ್ಗ ಎಳೆದರು. ಇದ್ವಲನ ಎಂಜಿನ್ನು ಕೆಮ್ಮಿ ಹೊತ್ತಿಕೊಂಡು ದೋಣಿ ಹಾರಿತು. ಟ್ರ್ಯಾಕ್ಟರಿನಲ್ಲಿ ಅವಳು ಎಂದೂ ಅಷ್ಟು ಬೇಗ ಇಳಿಸಿದ್ದಿಲ್ಲ. ಅಪ್ಪ ಮಗಳಿಬ್ಬರನ್ನೂ ಬೇಗನೆ ಎತ್ತಿದರೆಂದು ರೇಡಿಯೋ ಹೇಳಿತು. ಚಳಿಗೆ ನಡುಗುತ್ತಿದ್ದಾರೆ, ಬೇರೇನೂ ಇಲ್ಲ. ಕೊಲ್ಲಿಯಾಚೆಯ ಆಸ್ಪತ್ರೆಗೆ ಬಿಟ್ಟು ಬರುತ್ತೇವೆ.

ಮೆರೆರಿದ್ ಗೋಡೆಗೊರಗಿ ಉಸ್ಸಪ್ಪ ಎಂದಳು. ಮಗು ಉಳಿಯಿತು ಎಂದು ಕಣ್ಣಲ್ಲಿ ನೀರು ಬಂತು. ಅದರ ಬೆನ್ನಿಗೇ, ಕೆಟ್ಟೆ ಎಂದೂ ಅನ್ನಿಸಿತು.

ಅನ್ನಿಸಿದ ಹಾಗೇ ಆಯಿತು. ದೋಣಿಯವರು ಕಡಲಲ್ಲಿದ್ದುದರಿಂದ ಉಳಿದವರೇ ಹೊತ್ತು, ಒದ್ದೆ ಬಟ್ಟೆಯಲ್ಲೇ ಸೈರಿಯೋಲನನ್ನು ಮಣ್ಣು ಮಾಡಿ ಬಂದು, ಚರ್ಚಿನ ಹಿಂದಿನ ಹಾಲಿನಲ್ಲಿ ಚಹಾ, ಹಣ್ಣಿನ ರೊಟ್ಟಿ, ಹಂದಿಮಾಂಸದ ತುಣುಕುಗಳ ಸುತ್ತ ಜನ ಸೇರಿದ್ದೇ ತಡ, ದುಃಖದ ಮನೆ ಮದುವೆಮನೆಯಾಯಿತು. ಪ್ರತಿಯೊಬ್ಬನೂ ತಾನು ಹಿಡಿದ ಹಗ್ಗದ ಕಥೆ ಹೇಳುವವನೇ.

"ಏನೇ ಹೇಳು ಮೆರೆರಿದ್," ಎಂದು ನೆಸ್ತಾ ಬಿಸಿ ಚಹಾದ ಕಪ್ಪು ಕೊಟ್ಟಳು, "ಆ ಮನೆ ಕೆಟ್ಟದ್ದೇನಲ್ಲ ಬಿಡು. ಇವತ್ತು ಎಷ್ಟು ಚೆಂದ ಆಯ್ತು! ಗೋಡೆ ಒಡೆಯೋಕೆ ಮೊದ್ಲು ಇನ್ನೊಂದ್ಸಲ ಯೋಚ್ನೆ ಮಾಡಣ ಅಂತ."

"ನೀನು ಹೂಂ ಅಂದಿದ್ದೆ ನೆಸ್ತಾ."

"ಅಂದಿದ್ದೆ. ಈಗ ನೋಡಿದ್ನಲ್ಲ."

"ಏನ್ ನೋಡಿದೆ? ಹೆಣ ಚರ್ಚಲ್ಲಿತ್ತು, ಅದಕ್ಕೆ ಜನ ಇದ್ರು! ದಿನಾ ಇರ್ತಾರಾ?"

"ಮಣ್ಣಿನ ದಿನ ಹಾಗೆಲ್ಲ ಕೂಗಬಾರ್ದು," ಎಂದು ಯಾರೋ ಕಾರ್ಡಿಫ್ಫಿನವರು ಹಿಂದಿನಿಂದ ಪಿಸುಗುಟ್ಟಿದರು. ಮೆರೆರಿದಳಿಗೆ ಕಪ್ಪನ್ನು ಗೋಡೆಗೆ ಎಸೆಯುವಷ್ಟು ರೇಗಿತು. ಈ ಜನ ಸೋಮವಾರ ಇಲ್ಲಿರುವುದಿಲ್ಲ. ಭಾನುವಾರವೂ ಇರುವುದಿಲ್ಲ. ಒಂದು ಗಳಿಗೆ ಹಗ್ಗ ಹಿಡಿದು, ಫೋಟೋ ತೆಗೆಸಿಕೊಂಡು, ಊರಿನ ದೋಣಿಯನ್ನು ಮುಳುಗಿಸಿ ಹೋಗುತ್ತಾರೆ. ಮೂಲೆಯ ಕುರ್ಚಿಯಲ್ಲಿ ಅಪ್ಪ ರಾಜನ ಹಾಗೆ ಕೂತಿದ್ದ. ಸುತ್ತ ಲಿವರ್‌ಪೂಲಿನ ಮೊಮ್ಮಕ್ಕಳು. ಅವಳನ್ನು ಕಂಡು ಕೋಲು ಅಲ್ಲಾಡಿಸಿ, "ನೋಡಿದ್ಯಾ?" ಎಂದ. ಅವಳು ಕಪ್ಪನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ಬಂದಳು.

ಹೊರಗೆ ಒಂದೊಂದೇ ಕಾರು ಹೊರಡತೊಡಗಿತ್ತು. ದೂರದ ದಾರಿ, ಒದ್ದೆ ಬಟ್ಟೆ, ನಾಡಿದ್ದು ಕೆಲಸ. ತಬ್ಬಿಕೊಂಡರು, ಹಾರ್ನು ಬಾರಿಸಿದರು, ಬೇಗ ಬರ್ತೀವಿ ಎಂದರು. ಶವದ ಗಾಡಿಯೂ ಹೋಯಿತು. ತಿರುವು ಈಗ ಬಯಲಿನಷ್ಟು ವಿಶಾಲವಾಗಿ ಖಾಲಿ ಬಿದ್ದಿತ್ತು.

ದೋಣಿ ಹಿಂದಿರುಗಿದಾಗ ಸಂಜೆಯ ಬೆಳಕು ಇಳಿಯುತ್ತಿತ್ತು. ನೀರಿಗಿಳಿಸುವುದಕ್ಕಿಂತ ಮನೆ ಸೇರಿಸುವುದು ಕಷ್ಟ, ಅದು ಹೊರಗಿನವರು ಯಾರೂ ನೋಡದ ಕೆಲಸ. ಓಣಿ ಹತ್ತಿಸಿ, ತಿರುವಿನಲ್ಲಿ ಹಿಂದೆ ಮುಂದೆ ಮಾಡಿ ಮಾಡಿ, ಎರಡೂ ಬದಿ ಬೆರಳು ತೂರದ ಬಾಗಿಲಿನೊಳಗೆ ಹಿಮ್ಮುಖವಾಗಿ ತುರುಕಬೇಕು. ದಣಿದ ದೋಣಿಯವರನ್ನೂ ಸೇರಿಸಿ ಎಂದಿನ ಏಳು ಜನ ಇದ್ದರು. ಮೊದಲ ಸಲ ಬಂಡಿಯ ಗಾಲಿ ಕಾಂಪೌಂಡಿಗೆ ಸಿಕ್ಕಿಕೊಂಡಿತು. ಎರಡನೆಯ ಸಲ ಹಗ್ಗ ಹಿಡಿದ ಇದ್ವಲ್ ಜಾರಿ ಬಿದ್ದು ಮೊಣಕಾಲು ಕೆತ್ತಿಕೊಂಡ. ಒಂದೇ ಒಂದು ಜತೆ ಕೈ ಹೆಚ್ಚಿಗೆ ಇದ್ದಿದ್ದರೆ ಆಗುತ್ತಿತ್ತು. ಮೆರೆರಿದ್ ಟ್ರ್ಯಾಕ್ಟರಿನ ಮೇಲಿಂದ ಆ ಕಟ್ಟಡವನ್ನು, ಅದನ್ನು ಕಟ್ಟಿದವರನ್ನು, ಅದಕ್ಕೆ ಕಲ್ಲು ಕೊಟ್ಟ ಬೆಟ್ಟವನ್ನು ಬಾಯಿಗೆ ಬಂದ ಹಾಗೆ ಬೈದಳು.

ಬೈಯುತ್ತ ತಿರುಗಿ ನೋಡಿದರೆ ಬಿಟ್ಟುಬಿದ್ದ ಹಗ್ಗದ ತುದಿ ಅಪ್ಪನ ಕೈಯಲ್ಲಿತ್ತು. ಕೋಲು ನೆಲದಲ್ಲಿ ಬಿದ್ದಿತ್ತು. ಮುದುಕ ಕಪ್ಪು ಟೈ ಕಟ್ಟಿಕೊಂಡೇ ಹಿಮ್ಮಡಿ ಊರಿ ಎಳೆಯುತ್ತಿದ್ದ. ಹಗ್ಗ ಅಲುಗಲಿಲ್ಲ.

"ಅಪ್ಪಾ! ಬಿಡು ಅದನ್ನ! ಇವತ್ತೇ ಎರಡು ಹೆಣ ಹೊರಬೇಕಾ ನಾವು?"

ಅವನು ಬಿಡಲಿಲ್ಲ. ಸುತ್ತ ನೋಡಿದ. ಚರ್ಚಿನ ಮೆಟ್ಟಿಲು, ಬೀಗ ಹಾಕಿದ ಬಿಳಿ ಮನೆಗಳ ಸಾಲು, ಮುಚ್ಚಿ ಯಾವುದೋ ಕಾಲವಾದ ಬೇಕರಿ. ಯಾರೋ ಬರುತ್ತಿರಬೇಕು, ತುಸು ತಡವಾಗಿದೆ ಅಷ್ಟೆ ಎಂದು ಕಾಯುವವನ ಹಾಗೆ ಆ ಬಾಗಿಲಿಂದ ಈ ಬಾಗಿಲಿಗೆ ಕಣ್ಣು ಹಾಯಿಸಿದ. ಯಾವ ಬಾಗಿಲೂ ತೆರೆಯಲಿಲ್ಲ. ಚರ್ಚಿನ ಹಾಲಿನಿಂದ ನೆಸ್ತಾ ಒಬ್ಬಳು ಬಂದು ಅವನ ಹಿಂದೆ ಅದೇ ಹಗ್ಗ ಹಿಡಿದಳು. ನಾಲ್ಕನೆಯ ಸಲಕ್ಕೆ ದೋಣಿ ಎರಡೂ ಕಡೆ ಬಣ್ಣ ಕೆರೆದುಕೊಂಡು ಒಳಗೆ ಹೋಯಿತು.

ಬಾಗಿಲು ಹಾಕಿದ ಮೇಲೆ ಉಳಿದವರು ಮನೆಗೆ ನಡೆದರು. ಗುರ್ಗನ್ ಬಾಗಿಲ ಕಲ್ಲಿನ ಮೇಲೆ ಕೂತೇ ಇದ್ದ. ಅವನ ಅಂಗೈಯ ಚರ್ಮ ಹಗ್ಗಕ್ಕೆ ಸುಲಿದು ಹೋಗಿತ್ತು. ಮೆರೆರಿದ್ ತನ್ನ ಕರವಸ್ತ್ರ ತೆಗೆದು, ಗೊಣಗುತ್ತಲೇ ಸುತ್ತತೊಡಗಿದಳು.

"ಎಂಬತ್ತಾರಕ್ಕೆ ಹಗ್ಗ ಎಳೀತಾನಂತೆ. ಬುದ್ಧಿ ಇದೆಯಾ ನಿಂಗೆ? ಯಾರಿಗೆ ತೋರಿಸ್ಬೇಕಿತ್ತು ಇದನ್ನ?"

"ಸೈರಿಯೋಲ್ ಸತ್ತ ಅಂತ ಅಷ್ಟು ಜನ ಬಂದ್ರು," ಎಂದ ಮುದುಕ.

"ಹೂಂ, ಬಂದ್ರು. ಹೋದ್ರು."

"ಹಳಬರಲ್ಲಿ ಇನ್ನು ನಾನೊಬ್ಬ ಉಳಿದಿದೀನಿ." ಅವನು ಕೈ ಕೊಟ್ಟು ಕೂತಿದ್ದ, ಟೈ ಕಟ್ಟಿಸಿಕೊಳ್ಳುವಾಗ ಕೂತಿದ್ದಷ್ಟೇ ಸುಮ್ಮನೆ. "ನಾನು ಹೋದ ದಿನ ಇನ್ನೊಂದ್ಸಲ ಬರ್ತಾರೆ. ಅವತ್ತೇ ಯಾರಾದ್ರೂ ಮುಳುಗಿದ್ರೆ ಬದುಕ್ತಾರೆ. ಅದಾದ ಮೇಲೆ ಯಾರು ಸಾಯ್ಬೇಕೇ, ಮೆರೆರಿದ್?"

ಅವಳ ಕೈ ನಿಂತಿತು.

"ಒಡೀರಿ," ಎಂದ. "ಸೋಮವಾರ ನಾನೇ ಹೇಳ್ತೀನಿ. ನೆಸ್ತಾಗೂ ಹೇಳ್ತೀನಿ, ಅವಳು ನನ್ನ ಮಾತು ತೆಗೆದುಹಾಕಲ್ಲ. ಗುಂಡಿ ಇರೋದೇ ತರ್ಲಿ."

ಗೆದ್ದೆ ಎಂದು ಅವಳಿಗೆ ಅನ್ನಿಸಬೇಕಿತ್ತು. ಹಟಮಾರಿ ಮುದುಕ, ಎರಡು ವರ್ಷ ಜಗ್ಗದವನು, ಜಗಳಕ್ಕೆ ಒಂದು ಮಾತೂ ಉಳಿಸದೆ ಬಿಟ್ಟುಕೊಟ್ಟಿದ್ದ. ಅವಳಿಗೆ ಹಿಂದೆಂದೂ ಬಾರದಷ್ಟು ಸಿಟ್ಟು ಬಂತು. ಕರವಸ್ತ್ರದ ಗಂಟನ್ನು ಬಿಗಿಯುತ್ತ, "ಬೇಡ ಅನ್ನಪ್ಪಾ," ಎಂದಳು. "ಇನ್ನೊಂದೇ ಒಂದ್ಸಲ ಬೇಡ ಅನ್ನು."

ಎಬ್ಬಿಸು ಎಂದು ಮುದುಕ ಇನ್ನೊಂದು ಕೈ ಚಾಚಿದ.